ಅಪ್ಪಾಜಿ ಯಾರ ವಕೀಲರು?

ಮೊದಲು ಸರಪಳಿಯ ಸದ್ದು ಬರುತ್ತಿತ್ತು, ಆಮೇಲೆ ಬೂಟುಗಳದು. ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಬಾಡಿಗೆ ಮನೆಯ ಮುಂದೆ, ಕೋರ್ಟು ಶುರುವಾಗುವ ಹೊತ್ತಿಗೆ ಸ್ವಲ್ಪ ಮುಂಚೆ, ಪೊಲೀಸರು ಜೈಲಿನಿಂದ ಕೈದಿಗಳನ್ನು ನಡೆಸಿಕೊಂಡು ಹೋಗುತ್ತಿದ್ದರು. ಕೈಗೆ ಕೋಳ, ಕೋಳಕ್ಕೆ ಸರಪಳಿ. ಅದು ಒಮ್ಮೆ ಬಿಗಿದುಕೊಳ್ಳುತ್ತಿತ್ತು, ಒಮ್ಮೆ ಜೋತು ಬಿದ್ದು ನೆಲಕ್ಕೆ ತಾಗಿ ಎಳೆಯುತ್ತಿತ್ತು. ಹೋದ ವಾರ ಇಲ್ಲಿ ಹೊಸಮನೆ ಬಡಾವಣೆಯಲ್ಲಿ ಪಕ್ಕದವರು ಒಂದು ನಾಯಿ ತಂದು ಗೇಟಿಗೆ ಸರಪಳಿ ಹಾಕಿ ಕಟ್ಟಿದ್ದಾರೆ. ಅದು ಎದ್ದು ಮೈ ಕೊಡವಿದ್ದೇ ನನ್ನ ಕೈಯಲ್ಲಿದ್ದ ಕಾಫಿ ತುಳುಕಿತು. ಸೊಸೆ ಓಡಿಬಂದು, ಬಿ.ಪಿ. ನೋಡಲಾ ಅತ್ತೆ ಎಂದಳು. ನಥಿಂಗ್ ಎಂದೆ. ಈ ವಯಸ್ಸಿನಲ್ಲಿ ಎಲ್ಲ ಭಯಕ್ಕೂ ಬಿ.ಪಿ. ಎಂದೇ ಹೆಸರು.

ಅದು ಯೂರೋಪಿನಲ್ಲಿ ಯುದ್ಧ ಶುರುವಾಗುವ ಮುಂಚಿನ ಬೇಸಿಗೆ. ನಾನು ಬೆಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ. ಟೈಫಾಯ್ಡ್ ಬಂದು, ತಲೆ ಬೋಳಿಸಿ, ಬದುಕಿದರೆ ಮುಂದಿನ ಟರ್ಮಿಗೆ ಬಾ ಎನ್ನುವ ಹಾಗೆ ನನ್ನನ್ನು ಶಿವಮೊಗ್ಗಕ್ಕೆ ಕಳಿಸಿದ್ದರು. ತಲೆಗೊಂದು ಸ್ಕಾರ್ಫ್ ಕಟ್ಟಿಕೊಂಡು ಕಿಟಕಿಯ ಪಕ್ಕ ಕೂತಿರುವುದೇ ನನ್ನ ಕೆಲಸವಾಗಿತ್ತು.

ಅಪ್ಪಾಜಿ ಆಗ ಪಬ್ಲಿಕ್ ಪ್ರಾಸಿಕ್ಯೂಟರ್. ಕೊಲೆ, ಡಕಾಯಿತಿಯಂಥ ಕೇಸುಗಳಲ್ಲಿ ಸರ್ಕಾರದ ಪರವಾಗಿ ನಿಂತು, ಇವನು ಅಪರಾಧ ಮಾಡಿದ್ದಾನೆ ಎಂದು ಕೋರ್ಟಿಗೆ ತೋರಿಸಿಕೊಡುವ ವಕೀಲರು. ಬೋರ್ಡಿಂಗಿನಲ್ಲಿ ಪಕ್ಕದ ಮಂಚದ ಹುಡುಗಿಯೊಬ್ಬಳು, ನಿಮ್ಮ ಫಾದರ್ ಜನರನ್ನು ನೇಣಿಗೆ ಹಾಕುತ್ತಾರಂತೆ ಹೌದಾ ಎಂದು ಕೇಳಿದ್ದಳು. ನಾನು ಅಳುತ್ತಾ ಹೋಗಿ ಸಿಸ್ಟರ್ ಒಬ್ಬರಿಗೆ ಹೇಳಿದರೆ ಅವರು, "ಇಲ್ಲ ಚೈಲ್ಡ್, ಅವರು ಮಹಾರಾಜರ ಪರವಾಗಿ ಮಾತಾಡುತ್ತಾರೆ, ಅಷ್ಟೇ" ಎಂದು ಸಮಾಧಾನ ಮಾಡಿದ್ದರು. ನನಗೇನೂ ಸಮಾಧಾನವಾಗಲಿಲ್ಲ. ನಮ್ಮ ಮನೆಯಲ್ಲಿ ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ, ಎರಡು ಇಡ್ಲಿ ತಿಂದು ಹೊರಡುವ ಮನುಷ್ಯ ಮಾತಾಡಿದರೆ ಇನ್ನೊಬ್ಬನ ಉಸಿರು ನಿಲ್ಲುತ್ತದೆ ಎಂದಾಯಿತಲ್ಲ.

ಆ ಬೇಸಿಗೆಯ ಕೇಸು ಭದ್ರಾವತಿಯದು. ಅಲ್ಲಿನ ಕಬ್ಬಿಣದ ಕಾರ್ಖಾನೆಗೆ ಕೂಲಿಯಾಳುಗಳನ್ನು ಒದಗಿಸುತ್ತಿದ್ದ ಒಬ್ಬ ಮೇಸ್ತ್ರಿಯನ್ನು, ಕೆಲಸಗಾರರ ಲೈನುಮನೆಗಳ ಹಿಂದೆ ಹೊಳೆಗೆ ಹೋಗುವ ದಾರಿಯಲ್ಲಿ, ಯಾರೋ ತಲೆಗೆ ಹೊಡೆದು ಕೊಂದಿದ್ದರು. ಹಿಡಿದದ್ದು ಹನುಮಂತ ಎಂಬ ಇಪ್ಪತ್ತೈದರ ಆಸುಪಾಸಿನ ಕೆಲಸಗಾರನನ್ನು. ಅವನು ಅದೇ ದಿನ ಬೆಳಗ್ಗೆ ಗೇಟಿನ ಮುಂದೆ ಮೇಸ್ತ್ರಿಯ ಜೊತೆ ಜಗಳವಾಡಿ, ನಿನ್ನನ್ನು ನೋಡ್ಕೋತೀನಿ ಎಂದದ್ದನ್ನು ಹತ್ತಾರು ಜನ ಕೇಳಿದ್ದರು. ಸಂಜೆ ಕತ್ತಲಾಗುವಾಗ ಅವನಂಥವನೊಬ್ಬ ಹೊಳೆಯ ಕಡೆಯಿಂದ ಓಡಿದ್ದನ್ನು ಒಬ್ಬ ಗಾಡಿಯವನು ನೋಡಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಆ ಸಂಜೆ ಎಲ್ಲಿದ್ದೆ ಎಂದರೆ ಹನುಮಂತ ಸುಳ್ಳು ಹೇಳಿದ್ದ. ಅದೇ ಲೈನಿನ ನಾಗಮ್ಮನ ಮಗುವಿಗೆ ಫಿಟ್ಸ್ ಬಂದಿತ್ತು, ಅಲ್ಲಿದ್ದೆ ಎಂದಿದ್ದ. ಸಬ್ ಇನ್ಸ್‌ಪೆಕ್ಟರು ನಾಗಮ್ಮನನ್ನೇ ಹೋಗಿ ಕೇಳಿದರೆ, ಮನೆಯಲ್ಲಿದ್ದದ್ದು ಅವಳ ಗಂಡ ಎಂದು ಗೊತ್ತಾಯಿತು.

ಕೇಸಿನ ಮೊದಲ ದಿನವೇ ನಾನು ಹನುಮಂತನನ್ನು ನೋಡಿದೆ. ಸದ್ದು ಕೇಳಿ ಗೇಟಿನ ಹತ್ತಿರ ಹೋಗಿದ್ದೆ, ಗಾಳಿಗೆ ಸ್ಕಾರ್ಫ್ ಜಾರಿತ್ತು. ಅವನು ನನ್ನ ತಲೆ ನೋಡಿ ನಡಿಗೆ ನಿಧಾನ ಮಾಡಿದ. ಜೊತೆಯಲ್ಲಿದ್ದ ಪೇದೆಗೆ, "ಪಾಪ, ಕೂಸಿಗೆ ಭಾರೀ ಜ್ವರ ಬಂದಿತ್ತು ಅಂತ ಕಾಣ್ತದೆ" ಎಂದ. ಪೇದೆ ಸರಪಳಿ ಜಗ್ಗಿದ. ಅಷ್ಟೇ. ಆದರೆ ಅವತ್ತಿನಿಂದ ನನಗೆ ಒಂದೇ ಯೋಚನೆ. ನನ್ನನ್ನು ಪಾಪ ಎಂದವನನ್ನು ನಮ್ಮ ಅಪ್ಪಾಜಿ ನೇಣಿಗೆ ಕಳಿಸಲಿದ್ದಾರೆ.

ಇನ್ನೊಂದು ಕಡೆ ಪುಟ್ಟಮ್ಮ. ಸತ್ತ ಮೇಸ್ತ್ರಿಯ ಹೆಂಡತಿ. ಕೇಸಿನ ದಿನ ಬೆಳಗಿನ ರೈಲಿಗೆ ಭದ್ರಾವತಿಯಿಂದ ಬಂದು ನಮ್ಮ ಜಗಲಿಯಲ್ಲಿ ಕೂರುತ್ತಿದ್ದಳು. ಸೊಂಟದ ಮೇಲೊಂದು ಹೆಣ್ಣುಮಗು, ಸೆರಗಿನ ಗಂಟಿನಲ್ಲಿ ಅದಕ್ಕೆ ಮಂಡಕ್ಕಿ. ಅಪ್ಪಾಜಿ ಹೊರಗೆ ಬಂದರೆ ಎದ್ದು ನಿಲ್ಲುವಳು, ಅವರು ಜಟಕಾ ಹತ್ತಿದರೆ ಹಿಂದೆಯೇ ನಡೆದುಕೊಂಡು ಕೋರ್ಟಿಗೆ ಹೋಗುವಳು. ಅಮ್ಮ ಮಜ್ಜಿಗೆ ಕೊಟ್ಟಾಗಲೆಲ್ಲ ಅವಳದು ಒಂದೇ ಮಾತು, "ನಮ್ಮ ವಕೀಲರು ಬಿಡಲ್ಲ ಅವ್ವಾ, ಅವನನ್ನ ಬಿಡಲ್ಲ." ಅಮ್ಮ ಅದಕ್ಕೆ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಲೂ ಇರಲಿಲ್ಲ. ಆ ಮಗು ನನ್ನ ಸ್ಕಾರ್ಫನ್ನು ಎಳೆದು ನಗುತ್ತಿತ್ತು. ಅದರ ಅಪ್ಪನನ್ನು ಕೊಂದವನ ಮೇಲೆ ಮರುಕ ಪಡುತ್ತಿದ್ದೇನಲ್ಲ ಎಂದು ನಾನು ಅದರ ಮುಖ ನೋಡಲಾರದೆ ಒಳಗೆ ಹೋಗುತ್ತಿದ್ದೆ. ಜ್ವರ ಬಿಟ್ಟರೂ ಎದೆ ಡವಡವ ಎನ್ನುವುದು ನಿಲ್ಲಲಿಲ್ಲ. ಡಾಕ್ಟರು ವೀಕ್‌ನೆಸ್ ಎಂದು ಟಾನಿಕ್ ಬರೆದುಕೊಟ್ಟರು.

ಬಿಸಿಲು ದಿನದಿಂದ ದಿನಕ್ಕೆ ಏರುತ್ತಿತ್ತು. ತುಂಗೆಯಲ್ಲಿ ನೀರು ಸರಿದು ಬಂಡೆಗಳು ಮೇಲೆದ್ದಿದ್ದವು. ಕೋರ್ಟಿನ ಬೇಸಿಗೆ ರಜೆಗೆ ಮುಂಚೆ ಕೇಸು ಮುಗಿಸಬೇಕೆಂದು ಜಡ್ಜರು ಹೇಳಿದ್ದರಂತೆ. ಸಾಕ್ಷಿಗಳ ವಿಚಾರಣೆ ಮುಗಿಯುತ್ತಾ ಬಂದಿತ್ತು. ಬಡವನಾದ ಹನುಮಂತನಿಗೆ ಕೋರ್ಟೇ ಕೊಟ್ಟಿದ್ದ ಎಳೆಯ ವಕೀಲರು ಯಾರನ್ನೂ ಸರಿಯಾಗಿ ಪ್ರಶ್ನಿಸಲಾರದೆ ಬೆವರು ಒರೆಸಿಕೊಂಡು ಕೂರುತ್ತಿದ್ದರೆಂದು ಅಪ್ಪಾಜಿಯೇ ಹೇಳಿದ್ದರು. ಹೇಳುವಾಗ ಅವರ ದನಿಯಲ್ಲಿ ಗೆಲುವೇನೂ ಇರಲಿಲ್ಲ.

ನಮ್ಮಮ್ಮನ ಒಂದು ಅಭ್ಯಾಸ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆಗಿನ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ, ಅದು ಎಲ್ಲರಿಗೂ ಗೊತ್ತು. ಗಂಡನ ಹೆಸರು ಬೇರೆ ಯಾರಿಗಾದರೂ ಇದ್ದರೆ ಅವರ ಹೆಸರನ್ನೂ ಹೇಳುತ್ತಿರಲಿಲ್ಲ. ಅಪ್ಪಾಜಿಯ ಹೆಸರು ಚಂದ್ರಶೇಖರಯ್ಯ. ಹಾಗಾಗಿ ಎದುರು ಮನೆಯ ಗುಮಾಸ್ತ ಚಂದ್ರಣ್ಣನವರು ಅಮ್ಮನ ಬಾಯಲ್ಲಿ 'ಬೇವಿನಮರದ ಮನೆಯವರು'. ಆಕಾಶದ ಚಂದ್ರನೂ ನಮ್ಮ ಮನೆಯಲ್ಲಿ ಬರೀ 'ತಿಂಗಳಮಾಮ'. ಕಾನ್ವೆಂಟಿನಿಂದ ಬಂದ ನಾನು ಅದನ್ನು ಆಡಿಕೊಂಡು ನಗುತ್ತಿದ್ದೆ. ಅಮ್ಮ, ನೀನೂ ಒಂದು ದಿನ ಕಲೀತೀಯ ಬಿಡು ಎನ್ನುತ್ತಿದ್ದಳು. ನಾನು ಕಲಿಯಲಿಲ್ಲ, ಅದು ಬೇರೆ ವಿಷಯ.

ಕೊನೆಯ ವಾದಕ್ಕೆ ಮುಂಚಿನ ಶನಿವಾರ. ಅಮ್ಮ ಹಿಂದಿನ ಪಡಸಾಲೆಯಲ್ಲಿ ಹಪ್ಪಳ ಲಟ್ಟಿಸುತ್ತಿದ್ದಳು, ನಾನು ಚಾಪೆಯ ಮೇಲೆ ಹರಡುತ್ತಿದ್ದೆ. ಅಪ್ಪಾಜಿಗೆ ವಾದವನ್ನು ಮೊದಲು ಮನೆಯಲ್ಲಿ ಗಟ್ಟಿಯಾಗಿ ಹೇಳಿಕೊಂಡು ತಿರುಗಾಡುವ ಅಭ್ಯಾಸ. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಜಗಳ ಆಯಿತು, ಓಡಿದ್ದಾಯಿತು, ನಾಗಮ್ಮನ ವಿಷಯಕ್ಕೆ ಬಂದರು. ಆರೋಪಿ ತಾನು ಅಲ್ಲಿದ್ದೆನೆಂದು ಹೇಳುತ್ತಾನೆ, ಆದರೆ ಆಕೆ ಪೊಲೀಸರ ಮುಂದೆ ತನ್ನ ಗಂಡನೇ ಇದ್ದನೆಂದು ಹೇಳಿದ್ದಾಳೆ, ಎ ಡೆಲಿಬರೇಟ್ ಲೈ, ಎಂದು ನಿಂತರು.

ಅಮ್ಮ ತಲೆಯೆತ್ತದೆ ಕೇಳಿದಳು, "ಗಂಡ ಇದ್ದ ಅಂತ ಬಾಯಿಬಿಟ್ಟು ಹೇಳಿದ್ಳಾ?"

"ಮಾರಾಯ್ತಿ, ಕೇಸು ನಾನು ನಡೆಸ್ಲಾ, ನೀನು ನಡೆಸ್ತೀಯಾ? ಮನೇಲಿ ಯಾರಿದ್ರು ಅಂತ ಕೇಳಿದ್ರೆ ಸೆರಗು ಎಳ್ಕೊಂಡು ತಲೆ ತಗ್ಗಿಸಿದ್ಳಂತೆ. ಹೆಸರು ಬಾಯಲ್ಲಿ ಬರ್ಲಿಲ್ಲ. ಗಂಡನ ಹೆಸರಲ್ದೆ ಇನ್ಯಾರ ಹೆಸರು ಬರಲ್ಲ?"

"ಜೈಲಲ್ಲಿರೋನ ಹೆಸರೇನು?"

"ಹನುಮಂತ."

"ಅವಳ ಗಂಡಂದು?"

ಅಪ್ಪಾಜಿ ಕೈಯಲ್ಲಿದ್ದ ಕಾಗದ ತಿರುವಿದರು. ಆಮೇಲೆ ಮೆಲ್ಲಗೆ, ಹನುಮಂತಪ್ಪ ಎಂದರು.

ಅಮ್ಮ ಲಟ್ಟಣಿಗೆ ಕೆಳಗಿಟ್ಟಳು. "ನಾನಾಗಿದ್ರೂ ತಲೆ ತಗ್ಗಿಸ್ತಿದ್ದೆ. ಎದುರು ಮನೆಯವರು ಬಂದಿದ್ರು ಅಂತ ಹೇಳೋಕೆ ನಾನು ಬೇವಿನಮರ ತೋರಿಸ್ತೀನಿ. ಆ ಹೆಂಗಸಿಗೆ ತೋರಿಸೋಕೆ ಏನಿತ್ತೋ."

ಅಪ್ಪಾಜಿ ಹಪ್ಪಳದ ಚಾಪೆಯ ಅಂಚಿನಲ್ಲೇ ಕೂತುಬಿಟ್ಟರು. ಗುಡ್ ಗಾಡ್ ಎಂದದ್ದು ಅವರಿಗೇ ಕೇಳಿಸಿತೋ ಇಲ್ಲವೋ. ಅವರ ಮುಖದಲ್ಲಿ ಭಯ ನೋಡಿದ್ದು ಅದೇ ಮೊದಲು.

ಆ ಸಂಜೆ ಸಬ್ ಇನ್ಸ್‌ಪೆಕ್ಟರನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ. ನಾಗಮ್ಮನ ಬಾಯಿಗೆ ಮಾತು ತುರುಕಬಾರದೆಂದೇ, ಇಂಥವನು ಇದ್ದನೇ ಎಂದು ಕೇಳದೆ, ಯಾರಿದ್ದರು ಎಂದಷ್ಟೇ ಕೇಳಿದ್ದರಂತೆ. ಎಷ್ಟು ಸರಿಯಾಗಿ ಕೆಲಸ ಮಾಡಿದ್ದರೋ ಅಷ್ಟೇ ದೊಡ್ಡ ತಪ್ಪಾಗಿತ್ತು. ಅವರಿಗೆ ಅದನ್ನು ಒಪ್ಪಲು ಆಗಲಿಲ್ಲ. ಗೆದ್ದಿರುವ ಕೇಸು ಸಾರ್, ಅವಳನ್ನು ಹನುಮಂತನ ಕಡೆಯವರೇ ಕರೆಯಲಿಲ್ಲ, ಡಿಫೆನ್ಸ್ ಕೆಲಸ ನೀವು ಯಾಕೆ ಮಾಡ್ತೀರಿ ಎಂದು ಮತ್ತೆ ಮತ್ತೆ ಕೇಳಿದರು. ಅಪ್ಪಾಜಿ ಸುಮ್ಮನಿದ್ದರೆ ಸಾಕಿತ್ತು. ನಿಜವಾಗಿಯೂ ಅಷ್ಟೇ ಸಾಕಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು, ಅಪ್ಪಾಜಿ ಹೂಂ ಎಂದುಬಿಟ್ಟರೆ ಏನು ಗತಿ ಎಂದು ಸ್ಕಾರ್ಫಿನ ತುದಿ ಕಚ್ಚುತ್ತಿದ್ದೆ. ಅವರು, "ನಾಳೆ ನೀವೂ ಬನ್ನಿ. ನಾನೊಬ್ಬನೇ ಹೋಗಿ ಕೇಳಿದ್ರೆ ತಪ್ಪಾಗುತ್ತೆ" ಎಂದರು.

ಭಾನುವಾರ ಭದ್ರಾವತಿಗೆ ಹೋದೆವು. ಹೆಂಗಸರ ಜೊತೆ ಮಾತಾಡಲು ಅಮ್ಮ, ಮನೆಯಲ್ಲಿ ಒಬ್ಬಳೇ ಇರಲಾರೆನೆಂದು ನಾನು. ಮಾಚೇನಹಳ್ಳಿ ದಾಟಿದ ಮೇಲೆ ದೂರದಲ್ಲಿ ಕಾರ್ಖಾನೆಯ ಹೊಗೆ ಕಾಣಿಸಿತು. ಲೈನುಮನೆಗಳ ಗೋಡೆ, ಬಟ್ಟೆ, ಕೋಳಿಯ ರೆಕ್ಕೆ ಎಲ್ಲದರ ಮೇಲೂ ಕೆಂಪು ಧೂಳು. ನಾಗಮ್ಮ ನನಗಿಂತ ಐದಾರು ವರ್ಷ ದೊಡ್ಡವಳಿರಬೇಕು. ಪೊಲೀಸರನ್ನು ಕಂಡು ಒಳಗೆ ಓಡಿದಳು. ಅಮ್ಮ ಹಿಂದೆ ಹೋಗಿ, ನೆಲದ ಮೇಲೆ ಕೂತು, ಮಗುವಿಗೆ ಈಗ ಹೇಗಿದೆ ಎಂದು ಕೇಳಿದ ಮೇಲೆ ಬಾಗಿಲ ಮರೆಗೆ ಬಂದು ನಿಂತಳು.

ಅಮ್ಮ, "ನಾನು ಒಂದು ಹೆಸರು ಹೇಳ್ತೀನಿ, ನೀನು ಹೂಂ ಅನ್ನು" ಎಂದು ಶುರುಮಾಡಿದಾಗ ಅಪ್ಪಾಜಿ ಹೊರಗಿನಿಂದಲೇ ತಡೆದರು. ನೀನು ಹೇಳಬೇಡ, ಅವಳೇ ಹೇಳಲಿ ಎಂದು, ಆ ಸಂಜೆ ನಡೆದದ್ದನ್ನೆಲ್ಲ ಕೇಳಿದರು. ಗಂಡ ಕಾರ್ಖಾನೆಗೆ ಹೋಗಿದ್ದ, ಮಗು ಕಣ್ಣು ಮೇಲೆ ಮಾಡಿ ಸೆಟೆದುಕೊಂಡಿತು, ಇವಳು ಕಿರುಚಿಕೊಂಡಳು. ಕೊನೇ ಮನೆಯವನು ಓಡಿಬಂದು ಮಗುವಿನ ಮುಷ್ಟಿಗೆ ಬೀಗದ ಕೈ ಇಟ್ಟು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದು, ಅದು ಅತ್ತ ಮೇಲೂ ಗಂಡ ಬರುವ ತನಕ ಹೊಸ್ತಿಲ ಹೊರಗೆ ಕೂತಿದ್ದ.

"ಆ ಕೊನೇ ಮನೆಯವನು ಯಾರಮ್ಮ?"

"ನಾನು ಅವತ್ತೇ ಹೇಳಿದ್ನಲ್ಲ ಸ್ವಾಮಿ, ನಮ್ಮನೆಯವರ ಹೆಸರಿನೋನು. ಬಾಯಲ್ಲಿ ಬರ್ದೆ ತಲೆ ತಗ್ಗಿಸಿದೆ. ಈ ಪೊಲೀಸಿನವರು ಗೊತ್ತಾಯ್ತು ಬಿಡಮ್ಮ ಅಂತ ನಕ್ಕೊಂಡು ಹೋದ್ರು. ಗೊತ್ತಾಗಿದೆ ಅಂದ್ಕೊಂಡೆ."

ಸಬ್ ಇನ್ಸ್‌ಪೆಕ್ಟರು ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತರು. ನಾಗಮ್ಮನ ಗಂಡ ಅಲ್ಲೇ ಇದ್ದ. ಇದೆಲ್ಲ ಗೊತ್ತಿದ್ದೂ ಕೋರ್ಟಿಗೆ ಯಾಕೆ ಬಂದು ಹೇಳಲಿಲ್ಲ ಎಂದು ಅಪ್ಪಾಜಿ ಕೇಳಿದರು. ಅವನು ಆಶ್ಚರ್ಯದಿಂದ ನೋಡಿ, "ನಾವು ಹೇಳಿ ಆಗಿತ್ತು, ನಮ್ಮ ಮಾತು ನಡೀಲಿಲ್ಲ ಅಂದ್ಕೊಂಡ್ವಿ. ಕರೀದೇ ಕೋರ್ಟಿಗೆ ಹೋಗೋರು ಯಾರು ಸ್ವಾಮಿ?" ಎಂದ. ಕಾರ್ಖಾನೆಯ ಗೇಟಿನಲ್ಲಿ ವಿಚಾರಿಸಿದಾಗ ಆ ಸಂಜೆ ಅವನು ಕೆಲಸದಲ್ಲಿದ್ದದ್ದು ನಿಜವೆಂದಾಯಿತು.

ವಾಪಸು ಬರುವ ರೈಲಿನಲ್ಲಿ ನಾನು ಇಷ್ಟು ದಿನ ನುಂಗಿಕೊಂಡಿದ್ದ ಪ್ರಶ್ನೆ ಕೇಳಿದೆ. ಹನುಮಂತನಿಗೆ ಒಬ್ಬರು ವಕೀಲರಿದ್ದಾರೆ. ಪುಟ್ಟಮ್ಮ ನಿಮ್ಮನ್ನು ನಮ್ಮ ವಕೀಲರು ಎನ್ನುತ್ತಾಳೆ. ಇನ್ಸ್‌ಪೆಕ್ಟರು ನಮ್ಮ ಕೇಸು ಎನ್ನುತ್ತಾರೆ. ನೀವು ಯಾರ ವಕೀಲರು?

ಅಪ್ಪಾಜಿ ಕಿಟಕಿಯಿಂದ ನನ್ನ ಕಡೆ ತಿರುಗಿದರು. "ಇವರೆಲ್ಲರದೂ ಹೌದು ಮಗಳೇ, ಯಾರೊಬ್ಬರದೂ ಅಲ್ಲ. ಸರ್ಕಾರ ಅಂದ್ರೆ ಪುಟ್ಟಮ್ಮನೂ ಸೇರಿ, ಹನುಮಂತನೂ ಸೇರಿ. ತಪ್ಪು ಮಾಡಿದವನಿಗೆ ಶಿಕ್ಷೆ ಕೊಡಿಸು ಅಂತ ನನ್ನನ್ನ ನಿಲ್ಲಿಸಿದಾರೆ, ಸಿಕ್ಕಿದವನಿಗಲ್ಲ. ನನಗೆ ಗೊತ್ತಿರೋದು ಜಡ್ಜರಿಗೂ ಗೊತ್ತಾಗಬೇಕು, ನನಗೆ ಅನುಕೂಲ ಆಗೋದಷ್ಟೇ ಅಲ್ಲ." ಆಮೇಲೆ ಇಂಗ್ಲಿಷಿನಲ್ಲಿ, ಅದನ್ನು ಹೇಳುವುದು ಸುಲಭ ಎಂದರು. ಅಮ್ಮ, ಪುಟ್ಟಮ್ಮನಿಗೆ ನಾನು ಹೇಳಲಾ ಎಂದಳು. ಬೇಡ, ನಾನೇ ಹೇಳಬೇಕು ಎಂದರು.

ಮರುದಿನ ಪೂಜೆ ಎಂದಿಗಿಂತ ಬೇಗ ಮುಗಿಯಿತು. ಪುಟ್ಟಮ್ಮ ಜಗಲಿಯಲ್ಲಿದ್ದಳು. ಅಪ್ಪಾಜಿ ಕೋಟು ಹಾಕಿಕೊಂಡು ಹೊರಗೆ ಬಂದು, ಅವಳನ್ನು ಕೂರಿಸಿ, ತಾವೂ ಪಕ್ಕದ ಕಂಬಕ್ಕೆ ಒರಗಿ ಕೂತು ಎಲ್ಲವನ್ನೂ ಹೇಳಿದರು. ಅವಳು ಮಗುವಿನ ಬಾಯಿಗೆ ಮಂಡಕ್ಕಿ ಹಾಕುತ್ತಲೇ ಕೇಳಿಸಿಕೊಂಡಳು. ಕೊನೆಗೆ, ನಾಗಮ್ಮ ಸುಳ್ಳು ಹೇಳುತ್ತಾಳೆ ಎಂದಷ್ಟೇ ಅಂದಳು. ಇರಬಹುದು, ಅದಕ್ಕೇ ಎಲ್ಲರ ಮುಂದೆ ಕೇಳೋಣ ಎಂದರು ಅಪ್ಪಾಜಿ. ಅವತ್ತು ಜಟಕಾದ ಹಿಂದೆ ಅವಳು ಬರಲಿಲ್ಲ, ಬೇರೆ ದಾರಿ ಹಿಡಿದು ಕೋರ್ಟಿಗೆ ಹೋದಳು.

ನನ್ನನ್ನೂ ಕರೆದುಕೊಂಡು ಹೋಗಿ ಎಂದು ಅತ್ತು ಹಟ ಮಾಡಿದೆ. ಕೋರ್ಟಿನ ಹೊರ ಮೊಗಸಾಲೆಯ ಕಿಟಕಿಯ ಹತ್ತಿರ ಅಮ್ಮನ ಜೊತೆ ನಿಂತೆ. ಅಪ್ಪಾಜಿ ಜಡ್ಜರ ಅನುಮತಿ ಕೇಳಿ ನಾಗಮ್ಮನನ್ನು ಕಟಕಟೆಯಲ್ಲಿ ನಿಲ್ಲಿಸಿದಾಗ ಅವಳು ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಜಡ್ಜರು ಅಪ್ಪಾಜಿಯನ್ನು, ಈಕೆ ನಿಮ್ಮ ಕಡೆಯ ಸಾಕ್ಷಿಯೇ, ನಿಮಗೆ ಖಾತ್ರಿಯೇ ಎಂದು ಎರಡು ಸಲ ಕೇಳಿದರು. ಹೌದು ಎಂದರು. ಮಗುವಿನ ಕಾಯಿಲೆಯ ಕಥೆ ಬಂತು. ಯಾರಿದ್ದರು ಎಂಬ ಪ್ರಶ್ನೆಗೆ ನಾಗಮ್ಮ ಮತ್ತೆ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಯಾರೋ ಹಿಂದೆ ಕಿಸಕ್ಕೆಂದರು. ಹನುಮಂತ ಸರಳು ಹಿಡಿದುಕೊಂಡು ನಿಂತಿದ್ದ, ಅವನ ತುಟಿ ಒಣಗಿ ಬಿಳಿಯಾಗಿತ್ತು. ಒಂದು ಹೆಸರು ಹೇಳಲಾರದೆ ಇವಳು ಹೀಗೆಯೇ ನಿಂತುಬಿಟ್ಟರೆ ಎಂದು ನಾನು ಅಮ್ಮನ ಕೈಯನ್ನು ಉಗುರು ಊರುವಷ್ಟು ಹಿಡಿದಿದ್ದೆ.

"ಹೆಸರು ಬೇಡಮ್ಮ," ಎಂದರು ಅಪ್ಪಾಜಿ. "ಅವನು ಇಲ್ಲಿ ಇದ್ರೆ ತೋರಿಸು. ಇಲ್ದಿದ್ರೆ ಇಲ್ಲ ಅನ್ನು."

ನಾಗಮ್ಮ ತಲೆಯೆತ್ತಿದಳು. ಮೊದಲು ಗೋಡೆಯ ಪಕ್ಕ ನಿಂತಿದ್ದ ಗಂಡನ ಕಡೆ ನೋಡಿದಳು. ಅವನು ಕಣ್ಣು ಮಿಟುಕಿಸಲಿಲ್ಲ, ಅಡ್ಡವೂ ಬರಲಿಲ್ಲ. ಆಮೇಲೆ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು, ಚಾಚಿ, ಹನುಮಂತನನ್ನು ತೋರಿಸಿದಳು. ಕೈ ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಸಾಕಮ್ಮ ಎಂದು ಜಡ್ಜರೇ ಹೇಳಬೇಕಾಯಿತು.

ಆಮೇಲೆ ಅವಳ ಗಂಡ ಬಂದು ತಾನು ಕಾರ್ಖಾನೆಯಲ್ಲಿದ್ದುದನ್ನು ಹೇಳಿದ. ಅಪ್ಪಾಜಿ ಎದ್ದು, ಇಷ್ಟನ್ನು ಕೇಳಿದ ಮೇಲೆ ಈ ಮನುಷ್ಯನಿಗೆ ಶಿಕ್ಷೆ ಕೊಡಿ ಎಂದು ಸರ್ಕಾರದ ಹೆಸರಿನಲ್ಲಿ ನಾನು ಕೇಳಲಾರೆ ಎಂದರು. ರಜೆಗೆ ಮುಂಚಿನ ಕೊನೆಯ ದಿನ ತೀರ್ಪು ಬಂತು. ಹನುಮಂತ ಬಿಡುಗಡೆಯಾದ. ಅವನು ಅಪ್ಪಾಜಿಯ ಕಾಲಿಗೆ ಬೀಳಲು ಬಂದಾಗ, ನನಗಲ್ಲ, ನಾಗಮ್ಮನಿಗೆ ಎಂದು ಕಳಿಸಿದರು.

ಮೆಟ್ಟಿಲ ಮೇಲೆ ಪುಟ್ಟಮ್ಮ ನಿಂತಿದ್ದಳು. ಬೈಯಲಿಲ್ಲ, ಅಳಲಿಲ್ಲ. ದಾರಿ ಬಿಡದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು: "ಅವನಿಗೆ ಅವನ ವಕೀಲ ಇದ್ದ, ನೀವೂ ಆದ್ರಿ. ನನಗೆ ಯಾರಿದ್ರು ಸ್ವಾಮಿ?"

ರೈಲಿನಲ್ಲಿ ನನಗೆ ಹೇಳಿದ ಯಾವ ಮಾತೂ ಅಪ್ಪಾಜಿಯ ಬಾಯಿಂದ ಆಗ ಬರಲಿಲ್ಲ. ಕೊಂದವನನ್ನು ಹುಡುಕಿಸುತ್ತೇನಮ್ಮ ಎಂದರು. ಅವಳು ಪಕ್ಕಕ್ಕೆ ಸರಿದಳು.

ಹುಡುಕಿಸಿದರು. ಇದಕ್ಕಾಗಿ ಭದ್ರಾವತಿಗೆ ಎಷ್ಟು ಸಲ ಹೋದರೋ, ಮೇಲಿನ ಅಧಿಕಾರಿಗಳಿಗೆ ಎಷ್ಟು ಬರೆದರೋ ಲೆಕ್ಕವಿಲ್ಲ. ಯಾರೂ ಸಿಗಲಿಲ್ಲ. ಗೆದ್ದ ಕೇಸನ್ನು ಬಿಟ್ಟುಕೊಟ್ಟ ಪಿ.ಪಿ. ಎಂದು ಪೊಲೀಸರಲ್ಲಿ ಆಡಿಕೊಂಡರು. ಅವಧಿ ಮುಗಿದ ಮೇಲೆ ಅವರನ್ನು ಮತ್ತೆ ನೇಮಿಸಲಿಲ್ಲ. ಅದರ ಬಗ್ಗೆ ಅಪ್ಪಾಜಿ ಬೇಸರ ಪಟ್ಟಿದ್ದನ್ನು ನಾನು ಕಾಣೆ. ಆದರೆ ಊಟದ ಮಧ್ಯೆ ಕೈ ನಿಲ್ಲಿಸಿ, "ಒಂದು ವೇಳೆ ನಾಗಮ್ಮ ಸುಳ್ಳು ಹೇಳಿದ್ರೆ?" ಎಂದು ಅಮ್ಮನನ್ನು ಕೇಳುವುದಿತ್ತು. ಅಮ್ಮ, ಊಟ ಮಾಡಿ ಎನ್ನುತ್ತಿದ್ದಳು. ನನಗೆ ಕೂದಲು ಬಂತು, ಕಾನ್ವೆಂಟಿಗೆ ಹೋದೆ, ಆ ಎದೆಯ ಡವಡವ ಮಾತ್ರ ಬೋರ್ಡಿಂಗಿನ ತನಕ ಹಿಂಬಾಲಿಸಿತು.

ಪುಟ್ಟಮ್ಮನನ್ನು ಕೊನೆಯ ಸಲ ನೋಡಿದ್ದು ಯುದ್ಧದ ನಡುವೆ. ಅಪ್ಪಾಜಿ ನನ್ನನ್ನು ಬೆಂಗಳೂರಿನ ಕಾಲೇಜಿಗೆ ಬಿಡಲು ಹೊರಟಿದ್ದರು. ಭದ್ರಾವತಿ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಪ್ರಯಾಣಿಕರಿಗೆ ನೀರು ಕೊಡುವ ಹೆಂಗಸು ಕೊಡ, ಚೊಂಬು ಹಿಡಿದು ಬೋಗಿಯಿಂದ ಬೋಗಿಗೆ ಬರುತ್ತಿದ್ದಳು. ನಮ್ಮ ಕಿಟಕಿಗೆ ಬಂದಾಗ ಅಪ್ಪಾಜಿಯೇ ಮೊದಲು ಗುರುತು ಹಿಡಿದರು. ನಮ್ಮ ಬಳಿ ಮನೆಯಿಂದ ತಂದ ನೀರಿತ್ತು, ಹೊರಗಿನ ನೀರನ್ನು ಅವರು ಮುಟ್ಟುತ್ತಿರಲಿಲ್ಲ. ಆದರೂ ಪ್ಲಾಟ್‌ಫಾರಮ್ಮಿಗೆ ಇಳಿದು ಅವಳ ಮುಂದೆ ನಿಂತರು.

"ಸಿಕ್ಕಿದ್ನಾ ಸ್ವಾಮಿ?" ಎಂದಳು.

"ಇಲ್ಲಮ್ಮ."

ಅವಳು ತಲೆಯಾಡಿಸಿದಳು. "ಅವನನ್ನೇ ನೇಣಿಗೆ ಹಾಕಿದ್ರೆ ನಾನು ನಿದ್ದೆನಾದ್ರೂ ಮಾಡ್ತಿದ್ದೆ. ಈಗ ಬರೋ ಹೋಗೋ ಗಂಡಸರ ಮುಖವೆಲ್ಲ ನೋಡ್ತೀನಿ, ಇವನೇನೋ, ಇವನೇನೋ ಅಂತ."

ಅಪ್ಪಾಜಿ ಬಗ್ಗಿ ಬೊಗಸೆ ಒಡ್ಡಿದರು. ಅವಳು ಒಂದು ಗಳಿಗೆ ಆ ಕೈಗಳನ್ನೇ ನೋಡಿದಳು. ಆಮೇಲೆ ಹೊಯ್ದಳು. ಅವರು ಕುಡಿದು ಮತ್ತೆ ಒಡ್ಡಿದರು, ಮತ್ತೆ ಹೊಯ್ದಳು. ಗಾರ್ಡ್ ಸೀಟಿ ಊದಿದಾಗ ಅಪ್ಪಾಜಿ ಒದ್ದೆ ಕೈಯಲ್ಲೇ ಹತ್ತಿಕೊಂಡರು. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಚಲಿಸುತ್ತಿದ್ದ ರೈಲಿನ ಪಕ್ಕ ಪುಟ್ಟಮ್ಮ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು, ಒಂದೊಂದೇ ಕಿಟಕಿಯಲ್ಲಿ ದಾಟಿ ಹೋಗುತ್ತಿದ್ದ ಮುಖಗಳನ್ನು ನೋಡುತ್ತಾ.